ಜೆಬೆಲ್ ಅಲಿಯ ಮುಕ್ತವಲಯ: ಒಂದು ವಿನಾಯಿತಿಯ ಚರಿತ್ರೆ

ಪರದೇಶದ ವರ್ತಕರಿಗೆ ಅಭಯವಿತ್ತು ತನ್ನ ರೇವನ್ನು ಬೆಳೆಸಿಕೊಳ್ಳುವುದು ರಾಜನೀತಿಯಲ್ಲಿ ಹೊಸದಲ್ಲ. ಕಾಕತೀಯ ಗಣಪತಿದೇವನು 1244ರ ಮೋಟುಪಲ್ಲಿ ಶಾಸನದಲ್ಲಿ, ಬಿರುಗಾಳಿಗೆ ಸಿಕ್ಕಿ ದಡ ಸೇರಿದ ಹಡಗುಗಳ ಸರಕನ್ನು ಹಿಂದಿನ ಅರಸರಂತೆ ಕಸಿದುಕೊಳ್ಳದೆ ಗೊತ್ತುಪಡಿಸಿದ ಸುಂಕವನ್ನು ಮಾತ್ರ ಪಡೆಯುವುದಾಗಿ ಸಾರಿದನು. ಈ ಹಳೆಯ ನೀತಿಯು ಇಪ್ಪತ್ತನೆಯ ಶತಮಾನದಲ್ಲಿ ತಾಳಿದ ರೂಪಗಳಲ್ಲಿ ದುಬೈಯ ಜೆಬೆಲ್ ಅಲಿ ಮುಕ್ತವಲಯವು ಗಮನಾರ್ಹವಾದುದು. ಅದು ಪ್ರಸಿದ್ಧವಾದದ್ದು ತೆರಿಗೆಯ ವಿನಾಯಿತಿಗಾಗಿ. ಆದರೆ ಪರದೇಶದ ಬಂಡವಾಳಗಾರನನ್ನು ಅಲ್ಲಿಗೆ ಸೆಳೆದದ್ದು ನಿಜವಾಗಿಯೂ ತೆರಿಗೆಯೇ ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ದುಬೈಯ ವ್ಯಾಪಾರದ ಏಳ್ಗೆಗೆ ಪರ್ಷಿಯಾದ ತೀರದಲ್ಲಿದ್ದ ಲಿಂಗೆ ಎಂಬ ರೇವಿನ ಅವನತಿಯು ಒಂದು ಕಾರಣವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಲ್ಲಿಯ ಮುತ್ತಿನ ವ್ಯಾಪಾರದ ಬಹುಭಾಗವು ಲಿಂಗೆಯ ಮೂಲಕ ಸಾಗುತ್ತಿತ್ತು. 1887ರಲ್ಲಿ ಪರ್ಷಿಯಾದ ಸರ್ಕಾರವು ಆ ಪಟ್ಟಣವನ್ನು ತನ್ನ ನೇರ ಆಡಳಿತಕ್ಕೆ ತೆಗೆದುಕೊಂಡಿತು. ಮುಂದೆ ಸುಂಕದ ಇಲಾಖೆಗೆ ಬೆಲ್ಜಿಯಂ ದೇಶದ ಅಧಿಕಾರಿಗಳನ್ನು ನೇಮಿಸಿ, 1903ರಲ್ಲಿ ಹೊಸ ಸುಂಕದರಗಳನ್ನು ಜಾರಿಗೆ ತಂದಿತು. ಇದೇ ಕಾಲದಲ್ಲಿ ದುಬೈಯನ್ನು ಆಳುತ್ತಿದ್ದ ಮಕ್ತೂಮ್ ಬಿನ್ ಹಶರನು (1894–1906) ಪರದೇಶದ ವರ್ತಕರಿಗೆ ಸುಂಕದ ವಿನಾಯಿತಿ ನೀಡಿ ಅವರನ್ನು ಬರಮಾಡಿಕೊಂಡನು. ಹಲವರು ವರ್ತಕರು ಕೊಲ್ಲಿಯನ್ನು ದಾಟಿ ದುಬೈಯಲ್ಲಿ ಬೀಡುಬಿಟ್ಟರು. ಬಸ್ತಕ್ ಪಟ್ಟಣದವರು ನೆಲೆಸಿದ ಕೇರಿಗೆ ಬಸ್ತಕಿಯಾ ಎಂದೇ ಹೆಸರಾಯಿತು. ಸುಂಕದ ಕಾರಣಕ್ಕಾಗಿ ಬಂದವನು ಸುಂಕದ ಕಾರಣಕ್ಕಾಗಿಯೇ ಹಿಂದಿರುಗಬಹುದು ಎಂಬ ಭಯವು ಆಳುವವರಿಗೆ ಸಹಜವಾಗಿಯೇ ಇದ್ದಿರಬೇಕು. ಆದರೆ ಪರ್ಷಿಯಾದ ಸುಂಕವು ಇಳಿಯಲಿಲ್ಲ, ವರ್ತಕರು ಹಿಂದಿರುಗಲಿಲ್ಲ.

ಮುತ್ತಿನ ವ್ಯಾಪಾರವು 1930ರ ದಶಕದಲ್ಲಿ ಕುಸಿದ ತರುವಾಯ ಉಳಿದುದು ರೇವು ಮಾತ್ರ. 1958ರಲ್ಲಿ ಪಟ್ಟಕ್ಕೆ ಬಂದ ರಶೀದ್ ಬಿನ್ ಸಯೀದನು ಸಾಲ ತಂದು ದುಬೈಯ ಹಿನ್ನೀರಿನ ಹೂಳನ್ನು ತೆಗೆಸಿದನು. ತೈಲವು ಪತ್ತೆಯಾದದ್ದು 1966ರಲ್ಲಿ. ಹೊರದೇಶಕ್ಕೆ ಹೊರಟದ್ದು 1969ರಲ್ಲಿ. ಆ ಹಣದ ಬೆಂಬಲದಿಂದ ನಗರದಿಂದ ಸುಮಾರು 35 ಕಿಲೋಮೀಟರು ದೂರದ ಜೆಬೆಲ್ ಅಲಿಯಲ್ಲಿ ಮರಳನ್ನು ತೋಡಿ ನಿರ್ಮಿಸಿದ ಬಂದರು 1979ರಲ್ಲಿ ತೆರೆಯಿತು. ಆರಂಭದಲ್ಲಿ ಅಲ್ಲಿಗೆ ಬರುತ್ತಿದ್ದ ಹಡಗುಗಳು ಬಂದರಿನ ಗಾತ್ರಕ್ಕೆ ತಕ್ಕಷ್ಟಿರಲಿಲ್ಲ. ಅದನ್ನು ತುಂಬುವ ಉಪಾಯವಾಗಿ 1985ರಲ್ಲಿ ಮುಕ್ತವಲಯವು ಸ್ಥಾಪಿತವಾಯಿತು. ಐರ್ಲೆಂಡಿನ ಶಾನನ್ (1959), ಭಾರತದ ಕಾಂಡ್ಲಾ (1965) ಇವು ಈ ಮಾರ್ಗದಲ್ಲಿ ಅದಕ್ಕಿಂತ ಹಿರಿಯವು.

ಹಿಂದಿನ ವರ್ಷವಷ್ಟೇ, ಎಂದರೆ 1984ರಲ್ಲಿ, ಸಂಯುಕ್ತ ಅರಬ್ ಎಮಿರೇಟ್ಸಿನ ಕಂಪೆನಿ ಶಾಸನವು ಜಾರಿಗೆ ಬಂದಿದ್ದಿತು. ಅದರ ಪ್ರಕಾರ ಕಂಪೆನಿಯ ಬಂಡವಾಳದಲ್ಲಿ ಶೇಕಡಾ 51ಕ್ಕೆ ಕಡಿಮೆಯಿಲ್ಲದ ಪಾಲು ದೇಶೀಯರದಾಗಿರಬೇಕು. ಮುಕ್ತವಲಯದಲ್ಲಾದರೋ ಪರದೇಶದವನೇ ಸಮಸ್ತ ಬಂಡವಾಳದ ಒಡೆಯನಾಗಬಹುದಾಗಿತ್ತು. ಲಾಭವನ್ನೂ ಮೂಲಧನವನ್ನೂ ನಿರ್ಬಂಧವಿಲ್ಲದೆ ಸ್ವದೇಶಕ್ಕೆ ಒಯ್ಯಬಹುದಾಗಿತ್ತು. 15 ವರ್ಷಗಳವರೆಗೆ ಲಾಭದ ಮೇಲೆ ತೆರಿಗೆಯಿಲ್ಲವೆಂಬ ಭರವಸೆಯೂ ಇದ್ದಿತು. 1992ರ ಶಾಸನವು ಒಬ್ಬನೇ ಒಡೆಯನ ಸಂಸ್ಥೆಗೂ ಪ್ರತ್ಯೇಕ ಕಾನೂನುವ್ಯಕ್ತಿತ್ವವನ್ನು ಕೊಟ್ಟಿತು.

ಸ್ಥಾಪನೆಯ ಕ್ರಮವು ಸರಳವಾದುದು. ಅರ್ಜಿದಾರನು ತಾನು ಮಾಡುವ ಉದ್ಯಮವನ್ನು ಸ್ಪಷ್ಟಪಡಿಸಬೇಕು. ಅದಕ್ಕೆ ತಕ್ಕ ಪರವಾನಗಿಯನ್ನು ಪಡೆಯಬೇಕು. ವಲಯದೊಳಗೆ ನೆಲವನ್ನೋ ಉಗ್ರಾಣವನ್ನೋ ಕಚೇರಿಯನ್ನೋ ಗೇಣಿಗೆ ಹಿಡಿಯಬೇಕು. ಪರವಾನಗಿ ಕೊಡುವುದು, ಕಂಪೆನಿಯನ್ನು ನೋಂದಾಯಿಸುವುದು, ನೆಲವನ್ನು ಗೇಣಿಗೆ ಕೊಡುವುದು, ಕೆಲಸಗಾರರ ವಾಸದ ಅನುಮತಿಗೆ ಜಾಮೀನು ನಿಲ್ಲುವುದು, ಇವೆಲ್ಲವೂ ವಲಯದ ಪ್ರಾಧಿಕಾರವೊಂದರ ಕೈಯಲ್ಲಿಯೇ ಇದ್ದವು. ಇದರಿಂದ ಪ್ರಭುತ್ವವು ತೆರಿಗೆಯನ್ನು ಬಿಟ್ಟರೂ ಆದಾಯವನ್ನು ಬಿಡಲಿಲ್ಲ. ತೆರಿಗೆ ಎತ್ತುವ ಅರಸನ ಸ್ಥಾನದಲ್ಲಿ ಗೇಣಿ ಎತ್ತುವ ಭೂಮಾಲಿಕನು ಬಂದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. 1985ರಲ್ಲಿ ವಲಯದ ಬೇಲಿಯ ಹೊರಗೂ, ತೈಲದ ಕಂಪೆನಿಗಳನ್ನೂ ಪರದೇಶದ ಬ್ಯಾಂಕುಗಳನ್ನೂ ಬಿಟ್ಟರೆ, ಲಾಭದ ಮೇಲೆ ತೆರಿಗೆಯನ್ನು ವಸೂಲು ಮಾಡುತ್ತಿರಲಿಲ್ಲ. ಆದುದರಿಂದ ತೆರಿಗೆಯ ವಿನಾಯಿತಿಯು ಆಗ ವರ್ತಮಾನದ ಲಾಭವಾಗಿರದೆ ಭವಿಷ್ಯದ ಅಭಯವಾಗಿದ್ದಿತು. ನಿಜವಾದ ವರಗಳು ಎರಡು: ಪೂರ್ಣ ಒಡೆತನ, ಮತ್ತು ಬಂದರಿನ ಮಗ್ಗುಲಲ್ಲಿಯೇ ಸುಂಕವಿಲ್ಲದೆ ಸರಕನ್ನು ತಂದಿರಿಸಿ ಮರಳಿ ಕಳುಹಿಸುವ ಅನುಕೂಲ. ಎರಡನೆಯ ವರಕ್ಕೆ ಎಲ್ಲೆಯೂ ಇದ್ದಿತು. ಸುಂಕದ ದೃಷ್ಟಿಯಿಂದ ವಲಯವು ಪರದೇಶವೇ; ಅಲ್ಲಿಂದ ನಾಡಿನ ಪೇಟೆಗೆ ಹೋಗುವ ಸರಕು ಸುಂಕ ತೆರಬೇಕು.

ಒಡೆತನದ ಸ್ವಾತಂತ್ರ್ಯವು ದುಡಿಮೆಯವರೆಗೆ ಹರಡಲಿಲ್ಲ ಎಂಬುದನ್ನೂ ಮರೆಯಲಾಗದು. ಕೇರಳದಿಂದಲೂ ಕರ್ನಾಟಕದ ಕರಾವಳಿಯಿಂದಲೂ ಕೊಲ್ಲಿಯ ನಾಡುಗಳಿಗೆ ಹೋದ ಅಸಂಖ್ಯ ಜನರಿಗೆ, ವಲಯದ ಒಳಗಾಗಲಿ ಹೊರಗಾಗಲಿ, ವಾಸದ ಹಕ್ಕು ಉದ್ಯೋಗಕ್ಕೆ ಬಿಗಿದದ್ದಾಗಿಯೇ ಇದ್ದಿತು. ಬಂಡವಾಳವು ಇಚ್ಛೆಯಂತೆ ಬಂದು ಹೋಗಬಹುದಾಗಿತ್ತು. ಅದನ್ನು ಬೆಳೆಸಿದ ಕೈಗಳಿಗೆ ಆ ಸೌಲಭ್ಯವಿರಲಿಲ್ಲ.

ಇಪ್ಪತ್ತೊಂದನೆಯ ಶತಮಾನದಲ್ಲಿ ಬೇಲಿಯ ಅರ್ಥವೇ ತಿರುಗಿತು. 2021ರಿಂದ ಬಹುಪಾಲು ಉದ್ಯಮಗಳಲ್ಲಿ ಶೇಕಡಾ 51ರ ನಿಯಮವು ರದ್ದಾಗಿ, ಹೊರಗೂ ಪೂರ್ಣ ಒಡೆತನವು ಸಾಧ್ಯವಾಯಿತು. 2023ರ ಜೂನ್ 1ರಿಂದ ಮೊದಲಾದ ಲೆಕ್ಕದ ವರ್ಷಗಳಿಗೆ, 3,75,000 ದಿರ್ಹಮ್ ಮೀರಿದ ಲಾಭದ ಮೇಲೆ ಶೇಕಡಾ 9ರ ತೆರಿಗೆಯು ಜಾರಿಗೆ ಬಂದಿತು. ಮುಕ್ತವಲಯದ ಕಂಪೆನಿಗೆ, ನಿಬಂಧನೆಗಳಿಗೆ ಒಳಪಟ್ಟ ಆದಾಯದ ಮಟ್ಟಿಗೆ, ಶೂನ್ಯದ ದರವು ಉಳಿಯಿತು. ಮೊದಲು ಒಡೆತನವು ವಿಶೇಷವಾಗಿದ್ದು ತೆರಿಗೆಯ ಮಾತು ಬಹುಮಟ್ಟಿಗೆ ಹೆಸರಿಗಾಗಿದ್ದಿತು. ಈಗ ಒಡೆತನವು ಸಾಮಾನ್ಯವಾಗಿ, ತೆರಿಗೆಯೇ ವಿಶೇಷವಾಯಿತು.

ಇದರಿಂದ ಇತಿಹಾಸದ ವಿದ್ಯಾರ್ಥಿಯು ಗ್ರಹಿಸಬೇಕಾದುದಿಷ್ಟು: ವಿನಾಯಿತಿಯ ಬೆಲೆಯು ವಿನಾಯಿತಿಯಲ್ಲಿಲ್ಲ, ಅದರ ಹೊರಗಿರುವ ಕಟ್ಟಳೆಯಲ್ಲಿದೆ. ಲಿಂಗೆಯ ಸುಂಕವು ಏರದಿದ್ದರೆ ದುಬೈಯ ಔದಾರ್ಯಕ್ಕೆ ಅಷ್ಟು ಬೆಲೆ ಬರುತ್ತಿರಲಿಲ್ಲ. 1984ರ ಶಾಸನವಿಲ್ಲದಿದ್ದರೆ ಜೆಬೆಲ್ ಅಲಿಯ ಬೇಲಿಗೂ ಅಷ್ಟು ಅರ್ಥವಿರುತ್ತಿರಲಿಲ್ಲ. ವಿನಾಯಿತಿಯು ವರ್ತಕನನ್ನು ಕರೆತರಬಲ್ಲುದು. ಆತನನ್ನು ನಿಲ್ಲಿಸುವುವು ಆಳವಾದ ಬಂದರು, ನಂಬಬಹುದಾದ ಮಾತು, ಒಂದು ತಲೆಮಾರಿನಲ್ಲಿ ಬೇರೂರಿದ ವ್ಯವಹಾರ.