ಹಂಚಿಯ ಮಣ್ಣಿನ ಮುಖವಾಡ

ಮಕ್ಕಳಿಗೆ ಚಿತ್ರ ತೋರಿಸಿ ಕಥೆ ಹೇಳುವುದು ಪಾಶ್ಚಾತ್ಯರಿಂದ ಬಂದ ಪದ್ಧತಿಯೆಂದು ಅನೇಕರ ಗ್ರಹಿಕೆ. 1658ರಲ್ಲಿ ಕೊಮೇನಿಯಸನು ನ್ಯೂರೆಂಬರ್ಗಿನಲ್ಲಿ ಅಚ್ಚು ಹಾಕಿಸಿದ ಸಚಿತ್ರ ಪಠ್ಯಪುಸ್ತಕವನ್ನು ಇದಕ್ಕೆ ಮೂಲವೆಂದು ಹೇಳುವುದುಂಟು. ಅದಕ್ಕೂ ಐದು ಶತಮಾನಗಳ ಹಿಂದೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಬಣ್ಣದ ಚಿತ್ರಗಳೊಡನೆ ಕಥೆ ಹೇಳುವವನಿಗೆ ‘ಚಿತ್ರಕಥಕ’ನೆಂಬ ಹೆಸರನ್ನೇ ಕೊಟ್ಟಿದ್ದಾನೆ. ಕೊಂಕಣದ ಪಿಂಗುಳಿಯ ಚಿತ್ರಕಥಿಗಳು ಒಂದೊಂದೇ ಹಾಳೆ ತೋರಿಸುತ್ತ ರಾಮಾಯಣ ಹೇಳುತ್ತಿದ್ದುದೂ, ನಮ್ಮ ಕಿಳ್ಳೇಕ್ಯಾತರು ತೊಗಲುಗೊಂಬೆ ಆಡಿಸುತ್ತಿದ್ದುದೂ ಅದೇ ಜಾಡಿನವು.

ಇನ್ನು ಯೂರೋಪಿನ ಕಡೆ ನೋಡೋಣ. ಸಿಂಡರೆಲಾಳ ಗಾಜಿನ ಪಾದರಕ್ಷೆಯನ್ನು ಜಗತ್ತಿಗೆ ಕಾಣಿಸಿದ ಪೆರೋನ ಪುಸ್ತಕ 1697ರಲ್ಲಿ ಪ್ಯಾರಿಸಿನಲ್ಲಿ ಹೊರಟಿತು. ಅದರ ಮೊದಲ ಚಿತ್ರದಲ್ಲಿ ಮುದುಕಿಯೊಬ್ಬಳು ನೂಲುತ್ತ ಕಥೆ ಹೇಳುತ್ತಿದ್ದಾಳೆ. ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲಿಯಾದರೋ ಚಿತ್ರವೇ ಇರಲಿಲ್ಲ, ಪಂಡಿತರ ಟಿಪ್ಪಣಿಗಳಿದ್ದವು! 1823ರ ಇಂಗ್ಲಿಷ್ ಅನುವಾದವು ಕ್ರೂಕ್‌ಶ್ಯಾಂಕನ ಚಿತ್ರಗಳೊಡನೆ ಜನಪ್ರಿಯವಾದುದನ್ನು ಕಂಡು, 1825ರಲ್ಲಿ ಅವರು 50 ಕಥೆಗಳ ಚಿಕ್ಕ ಆವೃತ್ತಿಗೆ ತಮ್ಮನಿಂದ 7 ಚಿತ್ರ ಬರೆಸಿದರು. ಆಗಲೇ ಆ ಕಥೆಗಳು ಮಕ್ಕಳ ಕೈಗೆ ಬಂದವು.

ನಮ್ಮಲ್ಲಿಗೆ ಸಿಂಡರೆಲಾ ಬಂದದ್ದು ಚಿತ್ರದ ಮೂಲಕವೇ. 1960ರ ದಶಕದ ಅಮರ ಚಿತ್ರಕಥಾ ಮಾಲೆಯ ಮೊದಲ ಹತ್ತು ಸಂಚಿಕೆಗಳು ಇಂಥ ಪರದೇಶದ ಕಥೆಗಳೇ. ಕೃಷ್ಣನ ಪಾಳಿ ಹನ್ನೊಂದನೆಯದು. ನಿಪ್ಪಾಣಿ ಕಡೆಯ ಶಾಲೆಯೊಂದರಲ್ಲಿ ಗಾಜಿನ ಪಾದರಕ್ಷೆಯ ಚಿತ್ರ ನೋಡಿ ಒಬ್ಬ ಹುಡುಗಿ, ‘ಒಡದು ಕಾಲಾಗ ಚುಚ್ಚಿದರ ಹ್ಯಾಂಗ್ರಿ ಅಕ್ಕೋರ?’ ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಪ್ರಶ್ನೆ ನ್ಯಾಯವಾದದ್ದೇ.

ಆದರೆ ಆ ಹುಡುಗಿಯ ಸೀಮೆಗೆ ತನ್ನದೇ ಸಿಂಡರೆಲಾ ಇದ್ದಾಳೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಎ.ಕೆ. ರಾಮಾನುಜನ್ ಜನಪದ ಕಥೆಗಳನ್ನು ಕೂಡಿಸುತ್ತಿದ್ದಾಗ ಸಿಕ್ಕವಳು ಈ ಹಂಚಿ. ಬಂಗಾರದ ಕೂದಲಿನ ಮಗಳನ್ನು ಕಾಪಾಡಲು ತಾಯಿ ಕುಂಬಾರನಿಂದ ಮಣ್ಣಿನ ಮುಖವಾಡ ಮಾಡಿಸಿ ತೊಡಿಸುತ್ತಾಳೆ. ಹಂಚಿನ ಮುಖದವಳು ಹಂಚಿಯಾಗುತ್ತಾಳೆ, ಸಾಹುಕಾರನ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಮನೆಯವರೆಲ್ಲ ತೋಟದ ಊಟಕ್ಕೆ ಹೋದಾಗ ಮುಖವಾಡ ತೆಗೆದು ಎಣ್ಣೆಸ್ನಾನ ಮಾಡುತ್ತಿದ್ದವಳನ್ನು ಕಿರಿಯ ಮಗ ಕಾಣುತ್ತಾನೆ. ಗಾಜೂ ಇಲ್ಲ, ಕುಂಬಳಕಾಯಿಯ ರಥವೂ ಇಲ್ಲ.

ಈ ಗಡಿನಾಡಿನಲ್ಲಿ ಚಿತ್ರಕ್ಕೆ ಇನ್ನೊಂದು ಕೆಲಸವಿದೆ. ರಾಯಬಾಗ 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಚಿಕ್ಕೋಡಿ, ಅಥಣಿ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಮನೆಯಲ್ಲಿ ಮರಾಠಿ ಆಡುವ ಕೂಸು ಕನ್ನಡ ಶಾಲೆಯ ಮೊದಲ ಇಯತ್ತೆಯಲ್ಲಿ ಕುಳಿತಾಗ ಮಾಸ್ತರರ ಮಾತು ಗದ್ದಲದಂತೆ ಕೇಳೀತು. ಕುಂಬಾರನ ತಿಗರಿಯ ಚಿತ್ರ ಮಾತ್ರ ಅದಕ್ಕೆ ಗೊತ್ತು. ಅದನ್ನು ತನ್ನ ಮಾತಿನಲ್ಲಿ ಹೇಳಲಿ, ಪಕ್ಕದವನು ಕನ್ನಡದಲ್ಲಿ ಹೇಳಲಿ. ಕಾಗವಾಡದಲ್ಲಾದರೂ ಅಷ್ಟೇ, ನಿಪ್ಪಾಣಿಯಲ್ಲಾದರೂ ಅಷ್ಟೇ.

ಹಂಚಿಯ ಕಥೆಯನ್ನು ಇದ್ದಕ್ಕಿದ್ದಂತೆ ಎಳೆಯರಿಗೆ ಹೇಳಲಾಗದು. ಅಣ್ಣನೇ ಅವಳನ್ನು ಮದುವೆಯಾಗಬಯಸುವ ಮೊದಲ ಭಾಗವನ್ನು ಬಿಟ್ಟು ಕುಂಬಾರನ ಮನೆಯಿಂದ ಆರಂಭಿಸಬೇಕು. ನಾಲ್ಕು ಚಿತ್ರ ಸಾಕು, ಅನುಕ್ರಮ ಮಾತ್ರ ತಪ್ಪಬಾರದು. ಎಲ್ಲವನ್ನೂ ಒಮ್ಮೆಲೇ ಗೋಡೆಗೆ ತೂಗುಹಾಕಿದರೆ ಬಂಗಾರದ ಕೂದಲು ಮೊದಲೇ ಕಂಡು ಕಥೆ ಕೆಡುತ್ತದೆ. ಪಿಂಗುಳಿಯವರಂತೆ ಒಂದು ಹಾಳೆ ಎತ್ತಿ, ಉಳಿದವನ್ನು ಮಗುಚಿಡಬೇಕು: ಕುಂಬಾರ, ಮಣ್ಣಿನ ಮುಖದ ಹುಡುಗಿ, ಎಲ್ಲರೂ ಹೊರಟುಹೋದ ಬರಿದಾದ ಮನೆ. ನಾಲ್ಕನೆಯದನ್ನು ಎತ್ತುವ ಮೊದಲು ಮಾಸ್ತರರು ತುಸು ಸುಮ್ಮನಿರಬೇಕು.