ಸೊನ್ನೆ ಅಂದ್ರೆ ಏನರ್ಥ?

2024ರ ಜುಲೈ 19, ಶುಕ್ರವಾರ. ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟು ಜನ ಸಾಲುಗಟ್ಟಿ ನಿಂತಿದ್ದರು. ತಣಿಸಂದ್ರದ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನಲ್ಲಿ ‘ಸೈಬರ್ ದಾಳಿಯಂತೆ!’ ಅಂತ ಮೆಸೇಜುಗಳು.

ಅವತ್ತು ಜಗತ್ತಿನ ತುಂಬ ನೀಲಿ ಪರದೆ ತಂದದ್ದು ಯಾವ ದಾಳಿಯೂ ಅಲ್ಲ. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಫೈಲು ‘21ನೇ ಮಾಹಿತಿಯನ್ನು ನೋಡು’ ಅಂದಿತು. ಅದನ್ನು ಓದುವ ಕೋಡಿನ ಹತ್ತಿರ ಇದ್ದದ್ದು 20 ಮಾತ್ರ. ಎಣಿಸದೇ ಕೈಚಾಚಿ, ತನ್ನದಲ್ಲದ ಮೆಮೊರಿಯನ್ನು ಮುಟ್ಟಿತು. ಆ ಕೋಡ್ ಓಡುತ್ತಿದ್ದದ್ದು ವಿಂಡೋಸ್ ಕರ್ನಲ್ ಒಳಗೆ. ಆ್ಯಪ್ ಎಡವಿದರೆ ಅದೊಂದೇ ಬೀಳುತ್ತೆ. ಕರ್ನಲ್ ಎಡವಿದರೆ ಇಡೀ ಮಷೀನೇ ಬೀಳುತ್ತೆ. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ಕಂಪ್ಯೂಟರ್‌ಗಳು ಬಿದ್ದವು. ಫೈಲನ್ನು 78 ನಿಮಿಷದಲ್ಲಿ ವಾಪಸ್ ಪಡೆದರೂ, ಬಿದ್ದವುಗಳಲ್ಲಿ ಬಹಳಷ್ಟನ್ನು ಒಂದೊಂದಾಗಿ ಕೈಯಿಂದಲೇ ಎಬ್ಬಿಸಬೇಕಾಯ್ತು.

ಈ ರೋಗ ಹೊಸದೇನಲ್ಲ. ಯುನಿಕ್ಸ್‌ನ ಶುರುವಿನ ದಿನಗಳಿಂದ ಸಿ ಭಾಷೆಯಲ್ಲಿ ‘ಎ-ಟು-ಐ’ ಅನ್ನೋ ಫಂಕ್ಷನ್ ಇದೆ. ಅಕ್ಷರಗಳನ್ನು ಓದಿ ಸಂಖ್ಯೆ ಮಾಡಿಕೊಡೋದು ಅದರ ಕೆಲಸ. ‘0’ ಕೊಟ್ಟರೆ ಸೊನ್ನೆ. ‘ಮಾವಿನಕಾಯಿ’ ಅಂತ ಕೊಟ್ಟರೂ ಸೊನ್ನೆ! ಓದೋಕೆ ಆಗಲಿಲ್ಲ ಅಂತ ಹೇಳೋ ದಾರಿಯೇ ಅದಕ್ಕಿಲ್ಲ.

ಲಿನಕ್ಸ್ ಕರ್ನಲ್ ಇದೇ ಕೆಲಸಕ್ಕೆ ‘ಸಿಂಪಲ್_ಸ್ಟ್ರ್‌ಟುಯುಎಲ್’ ಅನ್ನೋ ತನ್ನದೇ ಫಂಕ್ಷನ್ ಇಟ್ಟುಕೊಂಡಿತ್ತು. ಅದು ಓದೋಕೆ ಆದಷ್ಟನ್ನು ಓದಿ ಸುಮ್ಮನಾಗುತ್ತೆ. ಎಲ್ಲಿ ನಿಂತಿತು ಅಂತ ನಾವೇ ಕೇಳಬೇಕು. ಸಂಖ್ಯೆ ಅಳತೆ ಮೀರಿದರೆ ಅದನ್ನೂ ಹೇಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಡ್ರೈವರಿಗೆ ನಾನೂ ಇದನ್ನೇ ಬಳಸಿದ್ದೆ. ಟೆಸ್ಟ್ ಮಾಡುವವರು 30 ಸೆಕೆಂಡ್ ಅಂತ ಕೊಡುವಾಗ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಒತ್ತಿದ್ದರು. ಕೋಡ್ 3 ಅಂತ ಓದಿಕೊಂಡಿತು. ಸಾಧನ ಮೂರೇ ಸೆಕೆಂಡಿಗೆ ಕೈಬಿಡುತ್ತಿತ್ತು. ನಾವು ಎರಡು ದಿನ ಹಾರ್ಡ್‌ವೇರ್ ಬೈದ್ವಿ.

ಕರ್ನಲ್ ಬರೆಯೋರಿಗೂ ಇದು ಸಾಕಾಗಿತ್ತು. 2008ರಲ್ಲಿ ‘ಸ್ಟ್ರಿಕ್ಟ್’ ಹೆಸರಿನವು ಬಂದವು, 2011ರಲ್ಲಿ, 2.6.39ನೇ ಆವೃತ್ತಿಗೆ, ಅಲೆಕ್ಸಿ ಡೊಬ್ರಿಯಾನ್ ‘ಕೆಸ್ಟ್ರ್‌ಟುಯುಎಲ್’ ಬಳಗವನ್ನು ತಂದರು. ಇಲ್ಲಿ ಸಂಖ್ಯೆ ಬೇರೆ, ಫಲಿತಾಂಶ ಬೇರೆ. ಕಸ ಸೇರಿದ್ದರೆ ‘ಇ-ಇನ್ವಾಲ್’, ಅಳತೆ ಮೀರಿದರೆ ‘ಇ-ರೇಂಜ್’ ಅನ್ನೋ ಎರರ್. ಎಂಟರ್ ಒತ್ತಿದಾಗ ಕೊನೆಯಲ್ಲಿ ಸೇರುವ ಒಂದು ಹೊಸ ಸಾಲಿನ ಗುರುತಿಗೆ ಮಾತ್ರ ವಿನಾಯಿತಿ. ಫಲಿತಾಂಶ ನೋಡದೇ ಮುಂದೆ ಹೋದರೆ ಕಂಪೈಲರೇ ಎಚ್ಚರಿಸುತ್ತೆ.

ನಮ್ಮೂರ ಹಾಲಿನ ಡೈರಿಯಲ್ಲಿ ಈ ಪಾಠ ಚಿಕ್ಕಂದಿನಲ್ಲೇ ಕಂಡಿದ್ದೆ. ಲ್ಯಾಕ್ಟೋಮೀಟರ್ ಇಳಿಸಿ ನೋಡಿದ ಮೇಲೇ ಹಾಲು ಕ್ಯಾನಿಗೆ. ಸರಿಯಿಲ್ಲದಿದ್ದರೆ, ಎಷ್ಟೇ ಬೇಕಾದವರಾದರೂ, ಮುಖದ ಮೇಲೇ ‘ತಗೊಂಡು ಹೋಗಿ’. ಮುಜುಗರವೇ, ನಿಜ. ಆದರೆ ಒಂದು ಸಲ ಕ್ಯಾನಿಗೆ ಸುರಿದ ಮೇಲೆ ಯಾರ ಹಾಲು ಕೆಟ್ಟಿತ್ತು ಅಂತ ಹುಡುಕೋದು ಹೇಗೆ? ಕೆಡೋದು ಇಡೀ ಊರಿನ ಹಾಲು.

ಆ ಜುಲೈನ ನಂತರ ಕ್ರೌಡ್‌ಸ್ಟ್ರೈಕ್ ಸೇರಿಸಿದ ತಿದ್ದುಪಡಿಗಳಲ್ಲಿ ಒಂದು ಇಷ್ಟೇ: ಓದುವ ಮೊದಲು, ಎಷ್ಟಿವೆ ಅಂತ ಎಣಿಸು.