ಗಟ್ಟಿಗಿತ್ತಿಯರು: ಓಲೆಗರಿಯಿಂದ ಬೆಳ್ಳಿತೆರೆಗೆ

ಕ್ರಿ.ಶ. 941ರಲ್ಲಿ ವೇಮುಲವಾಡದ ಚಾಲುಕ್ಯ ದೊರೆ ಅರಿಕೇಸರಿಯ ಆಸ್ಥಾನದಲ್ಲಿ ಪಂಪ ತನ್ನ ‘ವಿಕ್ರಮಾರ್ಜುನ ವಿಜಯ’ವನ್ನು ಮುಗಿಸಿದಾಗ ದ್ರೌಪದಿ ಕನ್ನಡದ ಮಹಾಕಾವ್ಯಕ್ಕೆ ಕಾಲಿಟ್ಟಳು. ಆದರೆ ವ್ಯಾಸರ ಪಾಂಚಾಲಿ ಇದ್ದಂತೆಯೇ ಬರಲಿಲ್ಲ. ತನ್ನ ಒಡೆಯನನ್ನೇ ಅರ್ಜುನನೆಂದು ಬಗೆದು ಹಾಡಹೊರಟ ಕವಿಗೆ ಐವರನ್ನು ವರಿಸಿದ ಹೆಣ್ಣು ತೊಡಕಾದಳು. ಪಂಪ ಅವಳನ್ನು ಅರ್ಜುನನೊಬ್ಬನ ಮಡದಿಯಾಗಿ ಮಾಡಿದ. ಯುದ್ಧ ಮುಗಿದು ಪಟ್ಟಾಭಿಷೇಕದ ಹೊತ್ತು ಬಂದಾಗ ಅರ್ಜುನನ ಪಕ್ಕದಲ್ಲಿ ಸುಭದ್ರೆಯನ್ನು ಕೂರಿಸಿದ. ತುಂಬಿದ ಸಭೆಯಲ್ಲಿ ಅವಮಾನ ಉಂಡವಳು ಒಬ್ಬಳು, ಮಹಾದೇವಿಯ ಪಟ್ಟ ಏರಿದವಳು ಇನ್ನೊಬ್ಬಳು.

ಆ ಲೆಕ್ಕವನ್ನು ತೀರಿಸಿದವನು ರನ್ನ. ಮುದುವೊಳಲಿನ ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಲುಕ್ಯರ ಆಸ್ಥಾನದವರೆಗೆ ಏರಿದ ಈ ಕವಿಯ ‘ಗದಾಯುದ್ಧ’ದಲ್ಲಿ ನಾಯಕ ಭೀಮ, ಆ ಭೀಮನನ್ನು ಹೊರಡಿಸುವವಳು ದ್ರೌಪದಿ. ಕೌರವ ಪಡೆ ನೆಲಕಚ್ಚಿ ದುರ್ಯೋಧನನೊಬ್ಬ ಉಳಿದಿರುವಾಗ, ಬಿಚ್ಚಿದ ಮುಡಿಯಲ್ಲೇ ಅವಳು ಭೀಮನೆದುರು ನಿಂತು ಅವನು ಆಡಿದ ಮಾತನ್ನು ನೆನಪಿಸುತ್ತಾಳೆ. ಕಾವ್ಯ ಅಲ್ಲಿಂದಲೇ ವೇಗ ಪಡೆದು ಗದೆಯ ಹೊಡೆತದವರೆಗೆ, ಮುಡಿ ಕಟ್ಟುವವರೆಗೆ, ಭೀಮ ದ್ರೌಪದಿಯರ ಪಟ್ಟಾಭಿಷೇಕದವರೆಗೆ ಸಾಗುತ್ತದೆ. ಗಟ್ಟಿಗಿತ್ತಿಯೊಬ್ಬಳನ್ನು ರನ್ನ ಕಣ್ಣಾರೆ ಕಂಡವನೂ ಹೌದು. ಅವನಿಗೆ ಆಸರೆಯಾಗಿದ್ದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಸಿ ಹಂಚಿದವಳು, ಲಕ್ಕುಂಡಿಯಲ್ಲಿ ಬಸದಿ ಎತ್ತಿಸಿದವಳು.

ಮುಂದೆ ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸ ಭಾಮಿನಿ ಷಟ್ಪದಿಯಲ್ಲಿ ಭಾರತವನ್ನು ಹಾಡಿದ. ಅವನ ಕೈಯಲ್ಲಿ ದ್ರೌಪದಿ ಅರಮನೆಯ ಗಾಂಭೀರ್ಯವನ್ನು ಬಿಡದೆಯೇ ನಮ್ಮ ಹಟ್ಟಿ ಅಂಗಳಗಳ ಹೆಣ್ಣಿನ ನಾಲಗೆಯನ್ನೂ ಪಡೆದಳು. ಜೂಜಿನ ಸಭೆಗೆ ಕರೆಯಲು ಬಂದ ದೂತನನ್ನು ಅವಳು ಬರಿಗೈಯಲ್ಲಿ ಕಳಿಸುವುದಿಲ್ಲ, ಒಂದು ಪ್ರಶ್ನೆ ಹೊರಿಸಿ ಕಳಿಸುತ್ತಾಳೆ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವೊಡ್ಡುವ ಹಕ್ಕೆಲ್ಲಿಯದು? ಭೀಷ್ಮನಂಥವನೂ ಇದಕ್ಕೆ ನೇರ ಉತ್ತರ ಕೊಡಲಾರದೆ ತಲೆ ತಗ್ಗಿಸಿದ.

ವಿರಾಟನ ಮನೆಯ ಆ ಇರುಳನ್ನು ನೋಡಬೇಕು. ಸೈರಂಧ್ರಿಯ ವೇಷದಲ್ಲಿದ್ದು ಕೀಚಕನ ಕಾಲಿನೊದೆತ ತಿಂದ ದ್ರೌಪದಿ ಯಾರ ಬಳಿ ಹೋಗಬೇಕೆಂದು ಎಣಿಕೆ ಹಾಕುತ್ತಾಳೆ. ಧರ್ಮಜ ಧರ್ಮ ಬೋಧಿಸಿಯಾನು, ಅರ್ಜುನ ಅಣ್ಣನ ಮುಖ ನೋಡಿಯಾನು. ಕತ್ತಲಲ್ಲಿ ಕಾವಲಿನವರ ಕಣ್ಣು ತಪ್ಪಿಸಿ ಬಾಣಸದ ಮನೆಗೆ ಬರುತ್ತಾಳೆ. ಬಾಯಿಬಿಟ್ಟು ಕೂಗಿದರೆ ಅಜ್ಞಾತವಾಸ ಕೆಟ್ಟೀತು. ಮಲಗಿದ್ದವನ ಮುಸುಕನ್ನು ಮೆಲ್ಲನೆ ಸರಿಸಿ ಗಲ್ಲ ಹಿಡಿದು ಅಲುಗಿಸುತ್ತಾಳೆ. ಭೀಮ ಮೊದಲು ಒಲ್ಲೆನೆನ್ನುತ್ತಾನೆ. ಆಗ ಅವಳ ಮಾತು ಅಳುವಿನಿಂದ ಮೂದಲಿಕೆಗೆ, ಮೂದಲಿಕೆಯಿಂದ ಬೆಂಕಿಗೆ ತಿರುಗಿ, ಐವರ ಗಂಡಸುತನವನ್ನೇ ಒರೆಗೆ ಹಚ್ಚುತ್ತದೆ. ಮರುದಿನದ ರಾತ್ರಿ ನಾಟ್ಯಶಾಲೆಯಲ್ಲಿ ಕೀಚಕ ಮಾಂಸದ ಮುದ್ದೆಯಾಗುತ್ತಾನೆ.

ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಂತೂ ಅಶ್ವಮೇಧದ ಕುದುರೆ ಹೋದಲ್ಲೆಲ್ಲ ಹೆಣ್ಣು ಎದುರಾಗುತ್ತಾಳೆ. ಹೆಂಗಸರದ್ದೇ ರಾಜ್ಯವಾಳುವ ಪ್ರಮೀಳೆ ಅರ್ಜುನನ ಮೇಲೆ ಬಾಣ ಹೂಡುತ್ತಾಳೆ. ನೀಲಧ್ವಜನ ರಾಣಿ ಜ್ವಾಲೆ, ಗಂಡ ಸೋತು ಕಪ್ಪವೊಪ್ಪಿಸಿದರೂ ತಾನು ಸೋಲೊಪ್ಪದೆ ಮನೆ ಬಿಟ್ಟು ನಡೆದು, ಗಂಗೆಯ ಬಳಿ ಭೀಷ್ಮನ ಕೊಲೆಯ ಮಾತೆತ್ತಿ ಅರ್ಜುನನಿಗೆ ಶಾಪ ಕೊಡಿಸುತ್ತಾಳೆ. ತಾನು ಬೆಂಕಿಗೆ ಬಿದ್ದು, ಬಾಣವಾಗಿ ಬಭ್ರುವಾಹನನ ಬತ್ತಳಿಕೆ ಸೇರಿ, ಅರ್ಜುನನ ತಲೆಯನ್ನೇ ಇಳಿಸುತ್ತಾಳೆ. ಹಳೆಯ ಕಾವ್ಯದಲ್ಲಿ ಹೆಣ್ಣಿಗೆ ಸುಖವಿರಲಿಲ್ಲ ನಿಜ. ಆದರೆ ಅವಳ ಸಿಟ್ಟಿಗೆ ಬೆಲೆಯಿತ್ತು. ಅವಳು ಬಾಯಿ ತೆರೆದರೆ ಕಥೆ ದಾರಿ ಬದಲಿಸಬೇಕಾಗುತ್ತಿತ್ತು.

ಈ ಹೆಂಗಸರು ಓಲೆಯಿಂದ ರಂಗಕ್ಕೆ ಬಂದಾಗ ಸೀರೆಯುಟ್ಟು ಕುಣಿದವರು ಗಂಡಸರು. ಯಕ್ಷಗಾನದ ಮೇಳಗಳಲ್ಲೂ ವೃತ್ತಿನಾಟಕದ ಕಂಪನಿಗಳಲ್ಲೂ ಬಹುಕಾಲ ಅದೇ ರೂಢಿ. ಗುಬ್ಬಿ ವೀರಣ್ಣನವರ ಕಂಪನಿಯಂಥವು ನಟಿಯರಿಗೆ ರಂಗ ಬಿಟ್ಟುಕೊಟ್ಟ ಮೇಲೆ ಗಾಳಿ ತಿರುಗಿತು. ಅಷ್ಟರಲ್ಲಿ ಮಾತಾಡುವ ಚಿತ್ರ ಬಂತು. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರದ ಹೆಸರು ‘ಸತಿ ಸುಲೋಚನಾ’. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ಮತ್ತು ಹಾಡು, ಕೊಲ್ಹಾಪುರದ ಸ್ಟುಡಿಯೋದಲ್ಲಿ ಚಿತ್ರೀಕರಣ. ಇಂದ್ರಜಿತು ಸುಬ್ಬಯ್ಯ ನಾಯ್ಡು, ರಾವಣ ಆರ್. ನಾಗೇಂದ್ರರಾವ್, ಇಂದ್ರಜಿತುವಿನ ಮಡದಿ ಸುಲೋಚನೆ ತ್ರಿಪುರಾಂಬ. ಜನರ ಬಾಯಲ್ಲಿ ಉಳಿದ ಕಥೆಯಂತೆ, ಸತ್ತ ಗಂಡನ ತೋಳು ಅಂಗಳಕ್ಕೆ ಬಂದು ಬಿದ್ದಾಗ ಸುಲೋಚನೆ ಎದೆಗೆಡದೆ ಶತ್ರುವಿನ ಪಾಳೆಯಕ್ಕೇ ನಡೆದು ಅವನ ತಲೆಯನ್ನು ಕೇಳಿ ಪಡೆಯುತ್ತಾಳೆ. ಅವಳ ಧೈರ್ಯವೆಲ್ಲ ಕೊನೆಗೆ ಸೇರುವುದು ಚಿತೆಯನ್ನು. ಕನ್ನಡ ಚಿತ್ರರಂಗ ತನ್ನ ಮೊದಲ ಗಟ್ಟಿಗಿತ್ತಿಗೆ ಕೊಟ್ಟ ಬಿರುದು ‘ಸತಿ’ ಎಂಬುದು.

ಮುಂದಿನ ಕಾಲ ಅವಳ ಕೈಗೆ ಕತ್ತಿ ಕೊಟ್ಟಿತು. 1824ರಲ್ಲಿ ಕಂಪನಿ ಸರ್ಕಾರದ ಥ್ಯಾಕರೆಯನ್ನು ಕಿತ್ತೂರಿನ ಕೋಟೆಯೆದುರು ಉರುಳಿಸಿ, ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ರಾಣಿಯ ಕಥೆಯನ್ನು ಬಿ.ಆರ್. ಪಂತುಲು 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ನಾಗಿ ತೆರೆಗೆ ತಂದರು. ಬಿ. ಸರೋಜಾದೇವಿ ರಾಣಿ, ಅವಳ ಗಂಡ ಮಲ್ಲಸರ್ಜನಾಗಿ ರಾಜ್‌ಕುಮಾರ್. ಕಪ್ಪ ಕೇಳಿದವರಿಗೆ ತಿರುಗಿ ಜವಾಬು ಕೊಡುವ ಹೆಣ್ಣನ್ನು ಊರೂರೂ ಮೆಚ್ಚಿತು. ಶತ್ರು ಹೊರಗಿನವನಾದಾಗ ಹೆಣ್ಣಿನ ಸಿಟ್ಟಿಗೆ ಯಾರೂ ಅಡ್ಡಿ ಮಾಡಲಿಲ್ಲ. ಶತ್ರು ಮನೆಯೊಳಗೇ ಇದ್ದಾಗ ಏನಾಯಿತು?

ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಒಂದೇ ಚಿತ್ರದಲ್ಲಿ ಎರಡನ್ನೂ ತೋರಿಸಿಬಿಟ್ಟಿತು. ಒಂದು ಹಾಡಿನಷ್ಟು ಹೊತ್ತು ಜಯಂತಿ ಓಬವ್ವನಾಗಿ ಬರುತ್ತಾರೆ. ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸಿಪಾಯಿಗಳ ತಲೆಯ ಮೇಲೆ ಒನಕೆ ಒಂದೇ ಸಮನೆ ಬೀಳುತ್ತದೆ. ಉಂಡೇಳುವ ಗಂಡನಿಗೂ ಕೇಳದಂತೆ ಕೋಟೆ ಉಳಿಸಿದ ಹೆಣ್ಣಿಗೆ ಚಿತ್ರಮಂದಿರವೆಲ್ಲ ಚಪ್ಪಾಳೆ. ಅದೇ ದುರ್ಗದ ಬೀದಿಯ ಅಲಮೇಲು, ಆರತಿ ನಟಿಸಿದ ಹುಡುಗಿ, ತನ್ನ ಮೇಷ್ಟರ ಮಾತಿಗೆ ಕಟ್ಟುಬಿದ್ದ ನಾಯಕ ರಾಮಾಚಾರಿ ಅವಳನ್ನು ಬಿಟ್ಟುಕೊಟ್ಟ ಮೇಲೆ ಮೈ ಮಾರುವ ದಂಧೆಯ ಪಾಲಾಗುತ್ತಾಳೆ. ಆಮೇಲೆ ಅವನು ಒಲಿದ ಮಾರ್ಗರೇಟ್ ಅವನೊಡನೆ ಬೆಟ್ಟದಿಂದ ಧುಮುಕುತ್ತಾಳೆ. ಓಬವ್ವನಿಗೆ ಸಂದ ಒನಕೆ ಈ ಇಬ್ಬರಿಗೆ ಸಿಗಲಿಲ್ಲ.

ಪುಟ್ಟಣ್ಣನವರ ಹೆಂಗಸರು ಪ್ರಶ್ನೆ ಕೇಳದವರಲ್ಲ. ‘ಗೆಜ್ಜೆಪೂಜೆ’ಯ ಚಂದ್ರಾ ಕುಲದ ಕಟ್ಟನ್ನು ಹರಿಯಲು ಹೆಣಗಿ ಕೊನೆಗೆ ತನ್ನ ಜೀವವನ್ನೇ ತೆಗೆದುಕೊಳ್ಳುತ್ತಾಳೆ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ 1971ರ ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ತುತ್ತಾಗಿ, ಆಸ್ಪತ್ರೆ ಸೇರಿ, ಗುಣವಾಗಿ ಮನೆಗೆ ಮರಳುತ್ತಾಳೆ. ಅಲ್ಲಿ ಅವಳ ಒಂದೊಂದು ನಗುವನ್ನೂ ಮುನಿಸನ್ನೂ ಹುಚ್ಚಿನ ಕುರುಹೆಂದೇ ನೋಡುವ ಕಣ್ಣುಗಳು. ಗಂಡ ಇನ್ನೊಬ್ಬಳ ಬೆನ್ನು ಹತ್ತಿರುವುದು ಅವಳಿಗೆ ಗೊತ್ತಾಗುತ್ತದೆ. ಕಲ್ಪನಾ ಆ ಪಾತ್ರದಲ್ಲಿ ಕೇಳುವ ಪ್ರಶ್ನೆ ದ್ರೌಪದಿಯದಕ್ಕಿಂತ ಕಡಿಮೆಯದಲ್ಲ. ಆದರೆ ಸೈರಂಧ್ರಿಯ ಮಾತಿಗೆ ಕೀಚಕ ಸತ್ತ. ಕಾವೇರಿಯ ಮಾತಿಗೆ ಮನೆಯಲ್ಲಿ ಯಾರಿಗೂ ಏನೂ ಆಗಲಿಲ್ಲ, ಅವಳೇ ಮತ್ತೆ ಆಸ್ಪತ್ರೆಗೆ ಹೋಗಬೇಕಾಯಿತು. ನಿರ್ದೇಶಕರು ಇದ್ದ ಸಮಾಜವನ್ನೇ ತೋರಿಸಿದರು ಎನ್ನಬಹುದು, ಒಪ್ಪುವ ಮಾತೇ. ಆದರೂ ಹೆಣ್ಣಿನ ಕೇಡನ್ನೇ ಚಿತ್ರದ ಶಿಖರವಾಗಿಸಿ ಪ್ರೇಕ್ಷಕರ ಕಣ್ಣು ಒದ್ದೆ ಮಾಡುವುದು ಆ ಕಾಲಕ್ಕೆ ರೂಢಿಯಾಗಿಬಿಟ್ಟಿತು.

ರೂಢಿ ಮುರಿದದ್ದು 1983ರಲ್ಲಿ, ಸದ್ದಿಲ್ಲದೆ. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿಯನ್ನು ಪ್ರೇಮಾ ಕಾರಂತ ಚಿತ್ರ ಮಾಡಿದರು, ಮುಖ್ಯ ಪಾತ್ರ ಎಲ್.ವಿ. ಶಾರದಾ ಅವರದು. ಬಾಲ್ಯದಲ್ಲೇ ವಿಧವೆಯಾಗಿ ತಲೆ ಬೋಳಿಸಿಕೊಂಡು ಮಡಿಯಲ್ಲಿ ಸವೆದ ಮಲೆನಾಡಿನ ಹೆಣ್ಣು ಫಣಿಯಮ್ಮ. ಹೆರಿಗೆಯ ನೋವಿನಲ್ಲಿ ನರಳುವವಳು ಯಾವ ಜಾತಿಯವಳೆಂದು ಅವಳು ಕೇಳುವುದಿಲ್ಲ, ಹೋಗಿ ಕೈ ಹಚ್ಚುತ್ತಾಳೆ. ಮನೆಯ ಎಳೆಯ ವಿಧವೆ ದಾಕ್ಷಾಯಿಣಿ ತಲೆ ಕೊಡಲಾರೆನೆಂದು ಹಟ ಹಿಡಿದಾಗ ಹಿರಿಯರ ಮುಂದೆ ಅವಳ ಪರ ನಿಲ್ಲುತ್ತಾಳೆ. ದಾಕ್ಷಾಯಿಣಿಯ ಕೂದಲು ಉಳಿಯುತ್ತದೆ, ಅವಳೂ ಬದುಕುತ್ತಾಳೆ. ಕತ್ತಿ, ಒನಕೆ, ಚಿತೆ ಯಾವುದೂ ಇಲ್ಲದೆ ಹೆಣ್ಣಿನ ಮಾತೊಂದು ಮನೆಯೊಳಗೇ ಗೆದ್ದಿತು.

ಈ ಗೆಲುವಿಗೆ ಕಾರಣವಿದೆ. ಪಂಪನಿಂದ ಪುಟ್ಟಣ್ಣನವರೆಗೆ ಹೆಣ್ಣಿನ ಕೊನೆಯನ್ನು ನಿರ್ಧರಿಸಿದ ಕೈ ಗಂಡಸಿನದು. ಶರಪಂಜರ, ಗೆಜ್ಜೆಪೂಜೆಗಳ ಮೂಲ ಹೆಂಗಸರದಾದರೂ ಕ್ಯಾಮರಾದ ಹಿಂದಿನ ಕಣ್ಣು ಅವರದಾಗಿರಲಿಲ್ಲ. ನಿಜ ಬದುಕಿನ ಫಣಿಯಮ್ಮ ತನ್ನ ಬಾಳನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿ ಬನಶಂಕರಿಯವರಲ್ಲಿ. ತಾಯಿ ಅದನ್ನು ಮಗಳಿಗೆ ಹೇಳಿದರು, ಮಗಳು ಪುಸ್ತಕ ಮಾಡಿದರು, ಪ್ರೇಮಾ ಅದನ್ನು ತೆರೆಗೆ ಏರಿಸಿದರು. ನಾಲ್ವರು ಹೆಂಗಸರ ಕೈ ದಾಟಿ ಬಂದ ಈ ಕಥೆಯಲ್ಲಿ, ಮಾತಾಡಿದ ತಪ್ಪಿಗೆ ಹೆಣ್ಣನ್ನು ಸಾಯಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.